ಕೈಯಲ್ಲಿ ತುಂಬಿದ ಲೋಟ

ನನ್ನ ಬಲಭುಜ ಹಿಡಿದುಕೊಂಡದ್ದು ಬೋರ್ಡಿನ ಮೇಲೆ ಬರೆದೂ ಬರೆದೂ ಎಂದು ನಾನು ಹೇಳುತ್ತೇನೆ. ಕಂಡಕಂಡವರಿಗೆಲ್ಲ ಬೆರಳು ತೋರಿಸಿ ಮಾತಾಡಿದ್ದರಿಂದ ಹಿಡಿದುಕೊಂಡಿತು ಎಂದು ನಮ್ಮ ಯಜಮಾನರು ಹೇಳುತ್ತಾರೆ. ಕಾರಣ ಯಾವುದೇ ಇರಲಿ, ಜಡೆ ಹೆಣೆದುಕೊಳ್ಳಲು ಕೈ ಮೇಲೇಳದೆ ಹೋದಾಗ ನನ್ನ ಜಂಬವೆಲ್ಲ ಇಳಿಯಿತು. ವಡಪಳನಿಯಲ್ಲಿ ಮೆಟ್ರೋ ಹತ್ತಿ ಅಣ್ಣಾ ನಗರದ ಒಂದು ಫಿಸಿಯೋಥೆರಪಿ ಕ್ಲಿನಿಕ್ಕಿಗೆ ದಿನ ಬಿಟ್ಟು ದಿನ ಹೋಗಿಬರುವುದು ಶುರುವಾಯಿತು.

ನಾನು ವಿಮಾ ಕಚೇರಿಯಲ್ಲಿ ಕೆಲಸ ಮಾಡಿ ನಿವೃತ್ತಳಾದವಳು. ಯಜಮಾನರು ರೈಲ್ವೆಯಲ್ಲಿದ್ದರು. ಮನೆಯೊಳಗೆ ತುಮಕೂರು ಕಡೆಯ ಕನ್ನಡ ಇನ್ನೂ ಉಸಿರಾಡುತ್ತಿದೆ, ಅರ್ಧಕ್ಕರ್ಧ ತಮಿಳು ಬೆರೆಸಿಕೊಂಡು. ಮಕ್ಕಳಂತೂ ಕನ್ನಡದಲ್ಲಿ ಕೇಳಿದರೆ ತಮಿಳಿನಲ್ಲಿ ಉತ್ತರ ಕೊಟ್ಟೇ ಬೆಳೆದು, ಮದುವೆಯಾಗಿ ಅವರವರ ಮನೆ ಸೇರಿದರು. ಸುಮ್ಮನೆ ಕೂರುವುದು ನನ್ನ ಜಾಯಮಾನವಲ್ಲ. ಅದಕ್ಕೆ ಮನೆಯ ಮುಂದಿನ ಕೋಣೆಯಲ್ಲಿ ಒಂದು ಬೋರ್ಡು ತೂಗುಹಾಕಿ, ಪ್ಲಾಸ್ಟಿಕ್ ಕುರ್ಚಿಗಳನ್ನು ಹಾಕಿ, ಇಂಗ್ಲಿಷ್ ಮಾತಾಡುವುದನ್ನು ಕಲಿಸಲು ಕೂತೆ. ವಯಸ್ಸಾದವರು, ಕೆಲಸದಲ್ಲಿರುವವರು, ಶಾಲೆಯಲ್ಲಿ ಇಂಗ್ಲಿಷ್ ಓದಿಯೂ ಬಾಯಿ ಬಿಡಲು ಹೆದರುವವರು ಬರುತ್ತಾರೆ.

ನಾನು ಎಲ್ಲಕ್ಕಿಂತ ಇಷ್ಟಪಟ್ಟು ಮಾಡುವ ಪಾಠವೆಂದರೆ ಮಸ್ಟ್, ಶುಡ್, ಹ್ಯಾವ್ ಟು. ಇನ್ನೊಬ್ಬರಿಗೆ ‘ಇದನ್ನು ನೀನು ಮಾಡಬೇಕು’ ಎಂದು ಹೇಳುವ ಪಾಠ. ಅದನ್ನು ನಾನು ಪುಸ್ತಕ ನೋಡದೆ ಮಾಡಬಲ್ಲೆ. “ಇವಳು ಹುಟ್ಟಿದಾಗ ಅತ್ತಿದ್ದೂ ‘ಮಸ್ಟ್’ ಅಂತಲೇ ಇರಬೇಕು” ಎಂದು ಯಜಮಾನರು ಬಂದವರ ಮುಂದೆಲ್ಲ ಹೇಳಿ ನಗಿಸುತ್ತಾರೆ. ಹೇಳಲಿ ಬಿಡಿ. ಮನೆ ನಡೆಯಬೇಕಾದರೆ ಯಾರಾದರೂ ಒಬ್ಬರು ಹೇಳುವವರು ಇರಬೇಕಲ್ಲ.

ಕ್ಲಿನಿಕ್ಕಿನಲ್ಲಿ ನನ್ನ ಕೈಯನ್ನು ನೋಡಿಕೊಳ್ಳಲು ಸಿಕ್ಕವಳೇ ಆ ಹುಡುಗಿ. ಹುಡುಗಿ ಎನ್ನುತ್ತೇನೆ, ಶಾಲೆಗೆ ಹೋಗುವ ಮಗಳಿದ್ದಳು ಅವಳಿಗೆ. ಅಲ್ಲಿ ಸಹಾಯಕಿಯಾಗಿ ಹೊಸದಾಗಿ ಸೇರಿದ್ದಳು, ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಮೊದಲ ದಿನ ನಾನು ನೋವಿಗೆ “ಅಯ್ಯೋ ಶಿವನೇ” ಎಂದದ್ದು ಕೇಳಿ ಅವಳ ಮುಖ ಅರಳಿತು.

“ಆಂಟಿ, ನೀವು ಕನ್ನಡಾನಾ? ನಮ್ಮನೇಲೂ ಕನ್ನಡಾನೇ. ನಮ್ಮ ತಾತ ಕೋಲಾರದ ಕಡೆಯಿಂದ ಸ್ಟುಡಿಯೋದಲ್ಲಿ ಬಡಗಿ ವೇಲೆಗೆ, ಅದೇ ಕೆಲಸಕ್ಕೆ, ಬಂದ್ರಂತೆ. ಆಮೇಲೆ ಎಲ್ಲಾರೂ ಇಲ್ಲೇ ಸೆಟ್ಲು.”

ಅವಳ ಗಂಡ ಶೂಟಿಂಗುಗಳಲ್ಲಿ ಲೈಟು ಹಿಡಿಯುವ ಕೆಲಸಕ್ಕೆ ಹೋಗುತ್ತಿದ್ದ. ಮನೆ ನಮ್ಮ ವಡಪಳನಿಯಲ್ಲೇ, ದೇವಸ್ಥಾನದ ಹಿಂದಿನ ಬೀದಿ. ಇಷ್ಟು ತಿಳಿದ ಮೇಲೆ ಅವಳು ನನ್ನವಳೇ ಆಗಿಬಿಟ್ಟಳು. ಕೈಯನ್ನು ಎಷ್ಟು ನಯವಾಗಿ ಎತ್ತುತ್ತಿದ್ದಳೆಂದರೆ, ಒಂದೊಂದು ಸಲ ನನಗೆ ನಿದ್ದೆ ಬರುವುದು. ಮನೆಗೆ ಬಂದು, ಇಂಥ ಚಿಕಿತ್ಸೆ ಎಲ್ಲೂ ಸಿಗಲ್ಲ ಎಂದು ಹೊಗಳುತ್ತಿದ್ದೆ. ಕೈ ಮಾತ್ರ ಇದ್ದಲ್ಲೇ ಇತ್ತು.

ಒಂದು ದಿನ ಕ್ಲಿನಿಕ್ಕಿನ ದೊಡ್ಡ ಡಾಕ್ಟರಮ್ಮ ಬಂದು ನಮ್ಮಿಬ್ಬರನ್ನೂ ನೋಡುತ್ತಾ ನಿಂತರು. ಮೆತ್ತಗೆ ಮಾತಾಡುವ ಹೆಂಗಸು, ಆದರೆ ಒಂದೊಂದು ಮಾತೂ ಚುಚ್ಚಬೇಕಾದಲ್ಲಿ ಚುಚ್ಚುತ್ತಿತ್ತು. “ಈ ಮೇಡಂ ಕೈ ಎತ್ತುತ್ತಿಲ್ಲ, ನೀನು ಎತ್ತುತ್ತಿದ್ದೀಯ. ನಿನ್ನ ಭುಜ ಚೆನ್ನಾಗೇ ಇದೆಯಲ್ಲಮ್ಮ, ಅದಕ್ಕೆ ಯಾಕೆ ವ್ಯಾಯಾಮ?” ಎಂದು ತಮಿಳಿನಲ್ಲಿ ಕೇಳಿದರು. ಆಮೇಲೆ ಪರದೆಯ ಆ ಕಡೆಗೆ ಅವಳನ್ನು ಕರೆದುಕೊಂಡು ಹೋದರು. ಪರದೆ ಎಂದರೆ ಬಟ್ಟೆ, ಗೋಡೆಯಲ್ಲವಲ್ಲ. ಎಲ್ಲಾ ಕೇಳಿಸಿತು.

ಇಂಗ್ಲಿಷ್ ಬರುತ್ತಿದ್ದ ಸಹಾಯಕಿ ಮದುವೆಯಾಗಿ ಕೆಲಸ ಬಿಟ್ಟಿದ್ದಳು. ಮಂಡಿ ಆಪರೇಷನ್ನಿಗೆಂದು ಚೆನ್ನೈಗೆ ಬರುವ ಹೊರದೇಶದವರು, ಆಸ್ಪತ್ರೆಯಿಂದ ಬಿಟ್ಟ ಮೇಲೆ ನಡಿಗೆ ಕಲಿಯಲು ಈ ಕ್ಲಿನಿಕ್ಕಿಗೆ ಬರುತ್ತಿದ್ದರು. ಇನ್ನು ಮೇಲೆ ಅವರನ್ನು ಇವಳು ನೋಡಿಕೊಳ್ಳಬೇಕು. ಹೀಗೆಯೇ ಎಲ್ಲರನ್ನೂ ಎತ್ತಿಕೊಂಡು ಓಡಾಡಿದರೆ ಇಟ್ಟುಕೊಳ್ಳುವುದು ಕಷ್ಟ, ಮೊದಲಿನ ಹಾಗೆ ಮನೆ ಡ್ಯೂಟಿಗೇ ಹೋಗಬೇಕಾಗುತ್ತದೆ ಎಂದರು ಡಾಕ್ಟರಮ್ಮ.

ಮನೆ ಡ್ಯೂಟಿ ಎಂದರೆ ರೋಗಿಗಳ ಮನೆಯಲ್ಲೇ ಹಗಲೂ ರಾತ್ರಿ ಇದ್ದು ನೋಡಿಕೊಳ್ಳುವ ಕೆಲಸ. ಅವಳು ಮೊದಲು ಅದನ್ನೇ ಮಾಡುತ್ತಿದ್ದಳು. ವಾರಕ್ಕೊಮ್ಮೆ ಮನೆಗೆ ಬಂದರೆ ಮಗಳು ಅಜ್ಜಿಯ ಸೆರಗಿನ ಹಿಂದೆ ನಿಂತು ಇವಳನ್ನು ನೋಡುತ್ತಿದ್ದಳಂತೆ, ನೆಂಟರನ್ನು ನೋಡಿದ ಹಾಗೆ. ಅದಕ್ಕೇ ಅದನ್ನು ಬಿಟ್ಟು ಇಲ್ಲಿಗೆ ಸೇರಿದ್ದಳು. ವಾಪಸ್ಸು ಬಂದು, ಏನೂ ಆಗದವಳ ಹಾಗೆ ಮತ್ತೆ ನನ್ನ ಕೈ ಹಿಡಿದು ಎತ್ತತೊಡಗಿದಳು. ನನಗೆ ಸಿಟ್ಟು ಬಂತು. ಸಿಟ್ಟು ಬಂದರೆ ನನ್ನ ಬಾಯಿ ನನ್ನ ಮಾತು ಕೇಳುವುದಿಲ್ಲ.

“ಭಾನುವಾರ ಬೆಳಿಗ್ಗೆ ನಮ್ಮನೆಗೆ ಬಾ. ಇಂಗ್ಲಿಷ್ ನಾನು ಹೇಳ್ಕೊಡ್ತೀನಿ. ಬರಲೇಬೇಕು, ತಿಳೀತಾ?” ಎಂದೆ.

ಹಾಗೆ ಆಂಟಿಯಾಗಿದ್ದವಳು ಮಿಸ್ ಆದೆ.

ಆ ಭಾನುವಾರದ ತರಗತಿಯಲ್ಲಿ ಅವಳ ಜೊತೆ ಇನ್ನಿಬ್ಬರಿದ್ದರು. ಒಬ್ಬರು ವಿಮಾನ ನಿಲ್ದಾಣದ ಕಡೆ ಕಾರು ಓಡಿಸುವ ಪಲ್ಲಾವರಂ ಡ್ರೈವರು. ಇನ್ನೊಬ್ಬಳು ಡಬ್ಬಿಂಗ್ ಸ್ಟುಡಿಯೋವೊಂದರಲ್ಲಿ ಬಂದವರನ್ನು ಮಾತಾಡಿಸಿ ಕೂರಿಸುವ ಕೆಲಸದವಳು. ಡ್ರೈವರಿಗೆ ಈ ಪಾಠ ನೀರು ಕುಡಿದಷ್ಟು ಸುಲಭ. “ಸರ್, ಯು ಹ್ಯಾವ್ ಟು ವೇರ್ ಸೀಟ್ ಬೆಲ್ಟ್” ಎಂದು ದಿನಕ್ಕೆ ಎಷ್ಟು ಸಲ ಹೇಳುತ್ತಾರೋ. ಸ್ಟುಡಿಯೋ ಹುಡುಗಿಯೂ ಸುಮಾರಾಗಿ ಹೇಳಿದಳು.

ನನ್ನ ಹುಡುಗಿಯ ಸರದಿ ಬಂತು. ಕಿಟಕಿಯಿಂದ ಬಿಸಿಲು ನೇರ ನನ್ನ ಮುಖಕ್ಕೆ ಹೊಡೆಯುತ್ತಿತ್ತು. ಕಿಟಕಿ ಮುಚ್ಚಬೇಕೆಂದು ಸ್ಟುಡಿಯೋ ಹುಡುಗಿಗೆ ಇಂಗ್ಲಿಷಿನಲ್ಲಿ ಹೇಳು ಎಂದೆ. ಅವಳು ಎದ್ದಳು, ಹೋದಳು, ಕಿಟಕಿ ಮುಚ್ಚಿ ಬಂದು ಕೂತಳು.

“ಮುಚ್ಚು ಅಂದಿಲ್ಲ ಕಣೇ, ಹೇಳು ಅಂದೆ.”

“ಆಯ್ತಲ್ಲ ಮಿಸ್, ಮುಚ್ಬಿಟ್ಟೆ.”

ಸರಿ, ಫ್ಯಾನು ಜೋರು ಮಾಡಬೇಕೆಂದು ಡ್ರೈವರಣ್ಣನಿಗೆ ಹೇಳು ಎಂದೆ. ಮತ್ತೆ ಎದ್ದಳು. ಫ್ಯಾನಿನ ಸ್ವಿಚ್ಚು ಡ್ರೈವರ ತಲೆಯ ಮೇಲೇ ಇತ್ತು. ಅವರನ್ನು ಬಗ್ಗಿಸಿ ತಾನೇ ತಿರುಗಿಸಿ ಬಂದಳು. ಎಲ್ಲರೂ ಬಿದ್ದು ಬಿದ್ದು ನಕ್ಕರು, ಅವಳೂ ನಕ್ಕಳು. ನಾನು ತಲೆ ಚಚ್ಚಿಕೊಂಡೆ. ಪದಗಳು ಬಾರದೆ ಹೀಗೆ ಮಾಡುತ್ತಿದ್ದಾಳೆಂದುಕೊಂಡರೆ, ಪದಗಳೆಲ್ಲ ಅವಳಲ್ಲಿದ್ದವು. ಹನ್ನೆರಡನೆಯ ತರಗತಿ ಪಾಸು, ಸರ್ಟಿಫಿಕೇಟ್ ಕೋರ್ಸು ಮಾಡಿದವಳು. ಬೋರ್ಡಿನ ಮೇಲಿದ್ದ ವಾಕ್ಯಗಳನ್ನು ಓದು ಎಂದರೆ ಗಿಣಿಯ ಹಾಗೆ ಓದುತ್ತಿದ್ದಳು. ಎದುರಿಗೆ ಒಬ್ಬ ಮನುಷ್ಯ ಕೂತಿದ್ದು ಆತನಿಗೆ ಹೇಳಬೇಕು ಎಂದಾಗ ಮಾತ್ರ, ಬಾಯಿಗಿಂತ ಮೊದಲು ಅವಳ ಕಾಲು ಎದ್ದುಬಿಡುತ್ತಿತ್ತು.

ಎಲ್ಲರೂ ಹೋದ ಮೇಲೆ ಕೂರಿಸಿ ಕೇಳಿದೆ. ಅವಳು ಕುರ್ಚಿಗಳನ್ನು ಒಂದರ ಮೇಲೊಂದು ಜೋಡಿಸುತ್ತಲೇ ಉತ್ತರ ಕೊಟ್ಟಳು. “ಮನೇಲಿ ಅಪ್ಪಡಿಯೇ, ಹಂಗೇ ಮಿಸ್. ಯಾರಿಗಾದ್ರೂ ಒಂದು ವೇಲೆ ಹೇಳಿದ್ರೆ ಮುಖ ಊದಿಸ್ಕೋತಾರೆ. ಹೇಳಿ ಬೈಸ್ಕೊಳ್ಳೋದಕ್ಕಿಂತ ಮಾಡಿ ಮುಗಿಸೋದು ಈಸಿ. ಅದೂ ದೊಡ್ಡೋರಿಗೆ ಹೋಗಿ ನೀವು ಮಾಡ್ಬೇಕು ಅಂತ ಎಂಗೆ ಹೇಳೋದು? ಕನ್ನಡದಲ್ಲಂತೂ ಬಾಯೇ ಬರಲ್ಲ.”

“ಆ ಕುರ್ಚಿ ಅಲ್ಲಿಡು. ನಮ್ಮ ಯಜಮಾನರು ಎತ್ತಿಡ್ತಾರೆ” ಎಂದೆ.

“ಪರವಾಗಿಲ್ಲ ಮಿಸ್” ಎಂದು ಕೊನೆಯ ಕುರ್ಚಿಯನ್ನೂ ಎತ್ತಿಟ್ಟಳು.

ಆ ರೋಗ ಅವಳೊಬ್ಬಳದಲ್ಲ. ನಮ್ಮ ಮನೆಗಳ ಮದುವೆಗೆ ಹೋಗಿ ನೋಡಿ, ನೆಂಟರ ಮಧ್ಯೆ ಒಬ್ಬಳು ಇದ್ದೇ ಇರುತ್ತಾಳೆ. ಎಲೆ ಹಾಕುವವಳೂ ಅವಳೇ, ಎಲ್ಲರ ಚಪ್ಪಲಿ ಜೋಡಿಸುವವಳೂ ಅವಳೇ, ಫೋಟೋದಲ್ಲಿ ಇಲ್ಲದವಳೂ ಅವಳೇ. ‘ಬಂಗಾರದಂಥ ಸೊಸೆ’ ಎಂದು ಹೊಗಳಿ ಇನ್ನೊಂದು ಕೆಲಸ ಕೊಡುತ್ತಾರೆ. ಅದನ್ನೆಲ್ಲ ನೋಡಿದರೆ ನನಗೆ ಮೈ ಉರಿಯುತ್ತದೆ. ಆದರೆ ಇಲ್ಲಿ ನನ್ನ ಉರಿಯಿಂದ ಪ್ರಯೋಜನವಿರಲಿಲ್ಲ. ಅವಳು ಹಿಡಿದ ಕೆಲಸವೋ, ತಾನೇ ಮಾಡಿ ಮುಗಿಸಲು ಸಾಧ್ಯವೇ ಇಲ್ಲದ ಕೆಲಸ. ರೋಗಿಯ ಪರವಾಗಿ ಸಹಾಯಕಿ ನಡೆದರೆ ರೋಗಿಯ ಕಾಲಿಗೆ ಬಲ ಬರುತ್ತದೆಯೇ?

ಮುಂದಿನ ಭಾನುವಾರ ನಾನೊಂದು ಉಪಾಯ ಮಾಡಿದೆ. ಅಂಚಿನ ತನಕ ನೀರು ತುಂಬಿದ ಹಿತ್ತಾಳೆ ಲೋಟವೊಂದನ್ನು ಅವಳ ಎರಡೂ ಕೈಗೆ ಕೊಟ್ಟು ಕುರ್ಚಿಯಲ್ಲಿ ಕೂರಿಸಿದೆ. ಒಂದು ತೊಟ್ಟೂ ಚೆಲ್ಲಬಾರದು. ಏನು ಆಗಬೇಕಾದರೂ ಬಾಯಿಂದಲೇ ಆಗಬೇಕು, ಅದೂ ಇಂಗ್ಲಿಷಿನಲ್ಲಿ. ನಮ್ಮ ಮುಂದಿನ ಕೋಣೆಯಿಂದ ಅಡುಗೆಮನೆಯ ಒಲೆ ನೇರ ಕಾಣುತ್ತದೆ. ಒಲೆಯ ಮೇಲೆ ಹಾಲಿಟ್ಟು ಬಂದು ನಾನೂ ಕೂತೆ. ಒಲೆಗೆ ಹತ್ತಿರದಲ್ಲಿ ಯಜಮಾನರು ಪೇಪರು ಓದುತ್ತಿದ್ದರು.

ಹಾಲು ಏಳಲು ಶುರುವಾಯಿತು. ಅವಳ ಕಣ್ಣು ಒಲೆಯ ಮೇಲೆ, ಕೈ ಲೋಟದ ಮೇಲೆ. “ಸರ್” ಎಂದಳು, ಅವಳಿಗೇ ಕೇಳಿಸದಷ್ಟು ಮೆಲ್ಲಗೆ. “ಸರ್… ಮಿಲ್ಕ್… ಪ್ಲೀಸ್… ಇಫ್ ಪಾಸಿಬಲ್…” ಯಜಮಾನರು ಪೇಪರಿನ ಹಾಳೆ ತಿರುವಿದರು. ಹಾಲು ಉಕ್ಕಿತು. ಇವಳು ಎದ್ದೋಡಿದಳು, ನೀರು ಚೆಲ್ಲಿತು, ನಾನು ಅಡುಗೆಮನೆಗೆ ಹೋಗುವಷ್ಟರಲ್ಲಿ ಒಲೆ ಆರಿಸಿ, ಬಟ್ಟೆ ಹುಡುಕಿ ತೆಗೆದು, ಒರೆಸಿಯೂ ಆಗಿತ್ತು. ಆ ವಾರ ಡ್ರೈವರಣ್ಣ, ಸ್ಟುಡಿಯೋ ಹುಡುಗಿ, ಎಲ್ಲರೂ ಕಾಫಿ ಇಲ್ಲದೆ ಮನೆಗೆ ಹೋದರು.

ಅದರ ಮುಂದಿನ ವಾರ ಮತ್ತೆ ಹಾಲು, ಮತ್ತೆ ಲೋಟ. ಯಜಮಾನರು “ಹಾಲಿನವನಿಗೆ ನಿನ್ನಿಂದ ಒಳ್ಳೇ ವ್ಯಾಪಾರ” ಎಂದು ಪೇಪರು ಬಿಡಿಸಿ ಕೂತರು. ಹಾಲಿನ ಮೇಲೆ ನೊರೆ ಕಟ್ಟಿತು. ಹುಡುಗಿಯ ಕತ್ತಿನ ನರ ಉಬ್ಬಿತು. ಎಲ್ಲಿತ್ತೋ ಆ ದನಿ, ಮನೆಯಿಡೀ ತುಂಬಿತು. “ಸರ್, ಯು ಹ್ಯಾವ್ ಟು ಸ್ವಿಚ್ ಆಫ್ ದಿ ಸ್ಟವ್. ನೌ.”

ಯಜಮಾನರು ಪೇಪರು ಬಿಸಾಕಿ ಎದ್ದು ಓಡಿ ಒಲೆ ಆರಿಸಿದರು. ಮದುವೆಯಾದ ಲಾಗಾಯ್ತು ನನ್ನ ಒಂದು ಕೂಗಿಗೆ ಆ ಮನುಷ್ಯ ಹಾಗೆ ಎದ್ದದ್ದು ನಾನು ಕಂಡಿಲ್ಲ. ಡ್ರೈವರಣ್ಣ ಚಪ್ಪಾಳೆ ಹೊಡೆದರು. ಹುಡುಗಿ ಲೋಟ ನೋಡಿಕೊಂಡಳು. ಒಂದು ಹನಿಯೂ ಚೆಲ್ಲಿರಲಿಲ್ಲ. “ಮಿಸ್, ಅವರು ಬೈಲೇ ಇಲ್ಲ” ಎಂದಳು, ನಂಬಲಾರದವಳ ಹಾಗೆ. ಅವತ್ತು ಎಲ್ಲರಿಗೂ ಎರಡೆರಡು ಲೋಟ ಕಾಫಿ.

ಗೆದ್ದೆವೆಂದುಕೊಂಡೆ. ಅಷ್ಟು ಬೇಗ ಗೆಲುವು ಎಲ್ಲಿ ಬರುತ್ತದೆ? ಮುಂದೆರಡು ವಾರ ಅವಳು ಥೇಟ್ ನನ್ನ ದನಿ ತೆಗೆದುಕೊಂಡು “ಯು ಮಸ್ಟ್ ಸಿಟ್, ಯು ಮಸ್ಟ್ ಡ್ರಿಂಕ್ ವಾಟರ್” ಎಂದು ಎಲ್ಲರನ್ನೂ ಗದರಿಸಿದಳು. “ಒಬ್ಬಳೇ ಸಾಕಾಗಿತ್ತಲ್ಲಪ್ಪ” ಎಂದು ಯಜಮಾನರು ನಿಟ್ಟುಸಿರು ಬಿಟ್ಟರು. ನೋವಿನಲ್ಲಿರುವವರಿಗೆ ಪೊಲೀಸಿನ ಹಾಗೆ ಹೇಳಬಾರದು, ‘ಹ್ಯಾವ್ ಟು’ ಎಂದ ಮೇಲೆ ಯಾಕೆ ಎಂಬುದನ್ನೂ ಹೇಳಬೇಕು, ಬೇಡವಾದದ್ದನ್ನು ‘ಯು ಡೋಂಟ್ ಹ್ಯಾವ್ ಟು’ ಎಂದು ಬಿಟ್ಟುಕೊಡಬೇಕು ಎಂದೆಲ್ಲ ಹೇಳಿಕೊಟ್ಟೆ. ಹೇಳಿಕೊಡುವಾಗ ನನಗೇ ಆಶ್ಚರ್ಯ, ಇದನ್ನೆಲ್ಲ ನಮ್ಮ ಮನೆಯಲ್ಲಿ ನಾನೆಂದೂ ಮಾಡಿದವಳಲ್ಲ.

ಅಷ್ಟರಲ್ಲಿ ಕ್ಲಿನಿಕ್ಕಿಗೆ ಆ ಅಜ್ಜಿ ಬಂದರು. ಟಾಂಜಾನಿಯಾದವರು, ಊರಿನಲ್ಲಿ ಶಾಲೆಯ ಮುಖ್ಯೋಪಾಧ್ಯಾಯಿನಿ ಆಗಿದ್ದವರಂತೆ. ಎತ್ತರದ ದೊಡ್ಡ ಆಳು, ಹಳದಿ ಹೂವಿನ ನಿಲುವಂಗಿ, ತಲೆಗೆ ಅದೇ ಬಟ್ಟೆಯ ಕಟ್ಟು. ಅವರು ಒಳಗೆ ಬಂದರೆ ಕೂತವರಿಗೆ ಎದ್ದು ನಿಲ್ಲೋಣ ಅನ್ನಿಸುತ್ತಿತ್ತು. ಜೊತೆಗೆ ಮಗ ಇದ್ದ. ಮಂಡಿ ಆಪರೇಷನ್ ಚೆನ್ನಾಗಿ ಆಗಿತ್ತು, ಆದರೆ ಹೆದರಿಕೆಗೆ ಕಾಲನ್ನು ಊರುತ್ತಲೇ ಇರಲಿಲ್ಲ. ಅವರ ಮನೆಗೆ ಮೆಟ್ಟಿಲು ಹತ್ತಿ ಹೋಗಬೇಕು. ಊರಿಗೆ ಹೋಗುವ ಮೊದಲು ಸ್ವಂತ ಕಾಲಿನಲ್ಲಿ ಮೆಟ್ಟಿಲು ಹತ್ತಿ ತೋರಿಸಿದರೇ ಕಳಿಸುವುದು ಎಂದರು ಡಾಕ್ಟರಮ್ಮ. ವಿಮಾನ ಮುಂದಿನ ವಾರವೇ ಇತ್ತು. ಆ ಅಜ್ಜಿಯನ್ನು ನನ್ನ ಹುಡುಗಿಗೆ ಒಪ್ಪಿಸಿ, “ಇವರನ್ನು ನಡೆಸಿದರೆ ನಿನ್ನ ಕೆಲಸ ಗಟ್ಟಿ. ಇಲ್ಲದಿದ್ದರೆ ನಾನೂ ಏನೂ ಮಾಡಲಾರೆ” ಎಂದು ಹೇಳಿದರಂತೆ.

ಭಾನುವಾರ ಅವಳು ಕಣ್ಣು ಊದಿಸಿಕೊಂಡು ಬಂದಳು. “ಆಗಲ್ಲ ಮಿಸ್. ಮಂಡಿ ಬಗ್ಗಿಸ್ಬೇಕು ಅಂತ ಹೇಳೋಕೆ ಹೋದ್ರೆ ಅವರು ಕೆನ್ನೆ ತಟ್ಟಿ ‘ಟುಮಾರೋ, ಮೈ ಡಾಟರ್’ ಅಂತಾರೆ. ನನ್ನ ಕೈ ತಾನಾಗೇ ಅವರ ಕಂಕುಳಿಗೆ ಹೋಗ್ಬಿಡುತ್ತೆ. ಎಲ್ಲಾ ಭಾರ ನಾನೇ ಹೊರ್ತೀನಿ. ಮತ್ತೆ ಮನೆ ಡ್ಯೂಟಿಗೆ ಹೋಗ್ತೀನಿ ಅಂದ್ರೆ ನನ್ನ ಮಗಳು ಈ ಸಲ ನನ್ನ ಮುಖಾನೇ ನೋಡಲ್ಲ ಮಿಸ್.”

ಇಬ್ಬರೂ ಅಳುತ್ತಾ ಕೂತರೆ ಅಜ್ಜಿ ಮೆಟ್ಟಿಲು ಹತ್ತುವುದಿಲ್ಲವಲ್ಲ. “ಏನ್ರೀ, ಎದ್ದೇಳಿ. ನೀವೇ ಆ ಅಜ್ಜಿ” ಎಂದು ಯಜಮಾನರನ್ನು ಎಬ್ಬಿಸಿದೆ.

ಸ್ಟುಡಿಯೋಗಳ ಮಧ್ಯೆ ಬಾಳಿ ಬಾಳಿ ನಮ್ಮ ಯಜಮಾನರಿಗೂ ನಟನೆಯ ಹುಚ್ಚು ಎಲ್ಲೋ ಒಳಗಿತ್ತೆಂದು ಕಾಣುತ್ತದೆ. ನನ್ನ ಟವೆಲನ್ನು ತಲೆಗೆ ಕಟ್ಟಿಕೊಂಡು, ಮಹಡಿಗೆ ಹೋಗುವ ಮೆಟ್ಟಿಲಿನ ಬುಡದಲ್ಲಿ ನಿಂತು, “ಓ, ಮೈ ಡಾಟರ್” ಎಂದು ನರಳಿದರು. ಹುಡುಗಿ ಅಳುವಿನ ಮಧ್ಯೆಯೇ ಕಿಸಕ್ಕನೆ ನಕ್ಕಳು. ಅವಳ ಕೈಗೆ ತುಂಬಿದ ಲೋಟ ಕೊಟ್ಟೆ. ಅವಳು ಹೇಳಿದಳು, “ಯು ಹ್ಯಾವ್ ಟು ಟೇಕ್ ಒನ್ ಸ್ಟೆಪ್.” ಯಜಮಾನರು “ಟುಮಾರೋ” ಎಂದು ಗೋಡೆಗೆ ಒರಗಿದರು. ತಕ್ಷಣ ಅವಳು “ಓಕೆ ಸರ್, ಸಾರಿ ಸರ್, ಪ್ಲೀಸ್ ಸರ್” ಎಂದು ಮಾತಿನ ಮೇಲೆ ಮಾತು ಸುರಿದಳು.

ಆಗ ನನಗೆ ಹೊಳೆಯಿತು, ಅವಳಿಗೆ ಕಷ್ಟವಿದ್ದದ್ದು ಹೇಳುವುದರಲ್ಲಲ್ಲ. ಹೇಳಿದ ಮೇಲೆ ಬರುವ ಆ ಚೂರು ಮೌನವನ್ನು ಅವಳು ತಡೆಯಲಾರಳು. ಎದುರಿಗಿರುವವರು ಮುಖ ಊದಿಸುತ್ತಾರೋ ಬೈಯುತ್ತಾರೋ ಎಂದು ಕಾಯುವ ಆ ಹೊತ್ತಿನಲ್ಲೇ ಅವಳ ಕೈ ಮುಂದೆ ಹೋಗುತ್ತಿತ್ತು.

“ಒಂದು ಸಲ ಹೇಳು. ಆಮೇಲೆ ಬಾಯಿ ಮುಚ್ಚಿಕೊಂಡು ನಿಂತ್ಕೋ. ನೀರನ್ನ ನೋಡ್ತಾ ನಿಂತ್ಕೋ. ಅವರು ಏನು ಬೇಕಾದ್ರೂ ಅನ್ಲಿ” ಎಂದೆ.

ಅವಳು ಹೇಳಿದಳು, ನಿಂತಳು. ಯಜಮಾನರು ನರಳಿದರು, ಕೆಮ್ಮಿದರು, ಟವೆಲಿನಿಂದ ಕಣ್ಣೊರೆಸಿಕೊಂಡರು, ಕಾಫಿ ಕೇಳಿದರು. ಅವಳು ಲೋಟದ ಅಂಚನ್ನೇ ನೋಡುತ್ತಾ ನಿಂತೇ ಇದ್ದಳು. ಕೊನೆಗೆ ಅವರೇ ಸೋತು “ಇವಳು ಬಿಡೋಳಲ್ಲ ಮಾರಾಯ್ತಿ” ಎಂದು ಮೆಟ್ಟಿಲು ಹತ್ತಿದರು. ಅಂದು ಮಧ್ಯಾಹ್ನದ ಊಟದ ಹೊತ್ತಿಗೆ ಪಾಪ ಅವರ ಮಂಡಿಯೇ ನೋಯುತ್ತಿತ್ತು.

ಅದಾದ ಮೇಲಿನ ಬುಧವಾರ ನನ್ನ ಸರದಿ ಇತ್ತು. ಬೇಕೆಂದೇ ಅಜ್ಜಿಯ ಹೊತ್ತಿಗೆ ಹೋದೆ. ಕ್ಲಿನಿಕ್ಕಿನ ಗೋಡೆಗೆ ಉದ್ದಕ್ಕೆ ಒಂದು ಮರದ ಪಟ್ಟಿ ಹೊಡೆದಿದ್ದಾರೆ, ಅದರಲ್ಲಿ ಸಣ್ಣ ಸಣ್ಣ ಮೆಟ್ಟಿಲಿನ ಹಾಗೆ ಗೆರೆ ಕೊರೆದಿದೆ. ಭುಜ ಹಿಡಿದವರು ಅದರ ಮೇಲೆ ಬೆರಳನ್ನು ಒಂದೊಂದೇ ಗೆರೆ ಹತ್ತಿಸಬೇಕು. ನಾನು ಅದರ ಮುಂದೆ ನಿಂತು, ಬೆರಳನ್ನು ಎದೆಮಟ್ಟಕ್ಕೆ ಇಟ್ಟುಕೊಂಡು, ಹತ್ತಿಸುವ ಹಾಗೆ ನಟಿಸುತ್ತಾ, ಕತ್ತು ತಿರುಗಿಸಿ ತೆರೆದ ಬಾಗಿಲಿನ ಆಚೆಗೇ ನೋಡುತ್ತಿದ್ದೆ.

ಅಜ್ಜಿಯನ್ನು ಹೊರಗೆ ನಿಜವಾದ ಮೆಟ್ಟಿಲಿಗೇ ಕರೆತಂದಿದ್ದಳು. ಕ್ಲಿನಿಕ್ಕಿನ ಬಾಗಿಲಿನಿಂದ ಮೇಲಿನ ಮಹಡಿಗೆ ಹೋಗುವ ಸಿಮೆಂಟಿನ ಮೆಟ್ಟಿಲು, ಪಕ್ಕದಲ್ಲಿ ಕಬ್ಬಿಣದ ಕಂಬಿ. ಡಾಕ್ಟರಮ್ಮ ಬಾಗಿಲಿಗೆ ಒರಗಿ ನಿಂತಿದ್ದರು. ಅಜ್ಜಿ ಕಂಬಿ ಹಿಡಿದು ಮೊದಲನೆಯ ಮೆಟ್ಟಿಲನ್ನು ನೋಡಿದರು, ತಲೆಯಾಡಿಸಿದರು, ಇವಳ ಕೆನ್ನೆ ತಟ್ಟಿದರು.

“ಟುಮಾರೋ, ಮೈ ಡಾಟರ್.”

“ನೋ, ಮಾಮಾ” ಎಂದಳು ನನ್ನ ಹುಡುಗಿ, ಆ ಮಗ ತಾಯಿಯನ್ನು ಕರೆಯುವ ಹಾಗೆಯೇ. ದನಿ ಗಟ್ಟಿಯೂ ಇತ್ತು, ಮೆತ್ತಗೂ ಇತ್ತು. ಅದು ನನ್ನ ದನಿಯಲ್ಲ, ನಾನು ಕಲಿಸಿದ್ದೂ ಅಲ್ಲ. “ಟುಡೇ. ಯು ಹ್ಯಾವ್ ಟು ಟೇಕ್ ದಿಸ್ ಸ್ಟೆಪ್. ಯುವರ್ ಹೋಮ್ ಈಸ್ ಅಪ್‌ಸ್ಟೇರ್ಸ್. ಐ ಕಾಂಟ್ ಟೇಕ್ ಇಟ್ ಫಾರ್ ಯು.”

ಮಗ ಓಡಿಬಂದು ತಾಯಿಯ ತೋಳಿಗೆ ಕೈ ಹಾಕಲು ಹೋದ. ಇವಳು ಆತನ ಕಡೆ ತಿರುಗಿ, “ಸರ್, ಯು ಡೋಂಟ್ ಹ್ಯಾವ್ ಟು ಹೋಲ್ಡ್ ಹರ್. ಐ ಆಮ್ ಹಿಯರ್” ಎಂದಳು. ಅಷ್ಟೆತ್ತರದ ಗಂಡಸು ಒಂದು ಹೆಜ್ಜೆ ಹಿಂದೆ ಸರಿದು ನಿಂತುಬಿಟ್ಟ.

ಆಮೇಲೆ ಅವಳು ಮಾತಾಡಲಿಲ್ಲ. ಅಜ್ಜಿಯ ಹಿಂದೆ, ಅವರು ವಾಲಿದರೆ ಹಿಡಿಯಲು ಎರಡೂ ಕೈಗಳನ್ನು ಒಂದು ಗೇಣು ದೂರದಲ್ಲಿ ಇಟ್ಟುಕೊಂಡು ನಿಂತಳು. ಮುಟ್ಟಲಿಲ್ಲ. ಆ ಕೈಗಳು ನಿಂತ ರೀತಿ ನನಗೆ ಚೆನ್ನಾಗಿ ಗೊತ್ತಿತ್ತು. ಅವುಗಳ ನಡುವೆ ಒಂದು ಹಿತ್ತಾಳೆ ಲೋಟ ಇರಬೇಕಿತ್ತು, ಅಷ್ಟೇ. ಅಜ್ಜಿ ಅವರ ಭಾಷೆಯಲ್ಲಿ ಏನೇನೋ ಅಂದರು. ಬೈದರೆಂದೇ ಕಾಣುತ್ತದೆ. ಕಣ್ಣಲ್ಲಿ ನೀರು ಬಂತು ಅವರಿಗೆ. ಬೀದಿಯಲ್ಲಿ ಬಸ್ಸೊಂದು ಹಾರನ್ ಹೊಡೆದುಕೊಂಡು ಹೋಯಿತು. ‘ಹಿಡಿಯಬೇಡ ಕಣೇ, ಹಿಡಿಯಬೇಡ’ ಎಂದು ನಾನು ಹಲ್ಲು ಕಚ್ಚಿಕೊಂಡು ಮನಸ್ಸಿನಲ್ಲೇ ಹೇಳುತ್ತಿದ್ದೆ.

ಅಜ್ಜಿ ಕಂಬಿಯನ್ನು ಬಿಗಿಹಿಡಿದು ಕಾಲೆತ್ತಿದರು. ಮೆಟ್ಟಿಲ ಮೇಲಿಟ್ಟರು. ಇನ್ನೊಂದು ಕಾಲನ್ನೂ ಎಳೆದುಕೊಂಡರು. ನಿಂತರು. ತಮ್ಮ ಕಾಲನ್ನೇ ಯಾರದೋ ಕಾಲು ಎಂಬಂತೆ ನೋಡಿಕೊಂಡರು. ಆಮೇಲೆ ಯಾರೂ ಹೇಳುವುದಕ್ಕೆ ಮೊದಲೇ ಎರಡನೆಯ ಮೆಟ್ಟಿಲು. ಮೂರನೆಯದಕ್ಕೆ ಅವರ ಬಾಯಲ್ಲಿ ಹಾಡು ಶುರುವಾಯಿತು. ಒಂದೊಂದು ಮೆಟ್ಟಿಲಿಗೂ ಹಾಡಿನ ಒಂದು ಚೂರು. ಮೇಲೆ ತಲುಪಿ, ತಿರುಗಿ, ಕೆಳಗಿದ್ದ ನಮ್ಮನ್ನೆಲ್ಲ ತಮ್ಮ ಶಾಲೆಯ ಮಕ್ಕಳನ್ನು ನೋಡುವ ಹಾಗೆ ನೋಡಿದರು. ಮಗ ಗೋಡೆಗೆ ಮುಖ ಮಾಡಿ ಅತ್ತುಬಿಟ್ಟ. ಪಕ್ಕದ ಮಂಚದ ಮೇಲೆ ಸೊಂಟಕ್ಕೆ ಕರೆಂಟು ಹಿಡಿಸಿಕೊಂಡಿದ್ದವರೂ ತಲೆಯೆತ್ತಿ ಚಪ್ಪಾಳೆ ತಟ್ಟಿದರು. ನನ್ನ ಎದೆ ಉಬ್ಬಿ ರವಿಕೆಯೇ ಬಿಗಿಯಾಯಿತು. ‘ಇವಳು ನನ್ನ ಸ್ಟೂಡೆಂಟು’ ಎಂದು ಅಲ್ಲಿದ್ದ ಆಯಾಗೂ ಹೇಳಿದೆ, ನೀರಿನ ಕ್ಯಾನು ತಂದವನಿಗೂ ಹೇಳಿದೆ.

ಅಜ್ಜಿ ಇಳಿದು ಬಂದು ಇವಳನ್ನು ಅಪ್ಪಿಕೊಂಡಾಗ ಹಳದಿ ಹೂವಿನ ಬಟ್ಟೆಯಲ್ಲಿ ಇವಳು ಕಾಣಿಸಲೇ ಇಲ್ಲ. ಡಾಕ್ಟರಮ್ಮ ಹೊಗಳುವ ಪೈಕಿಯಲ್ಲ. “ನಾಳೆ ಓಮಾನಿನಿಂದ ಒಬ್ಬರು ಬರ್ತಾರೆ. ಅವರನ್ನೂ ನೀನೇ ನೋಡ್ಕೋ. ಅವರಾದ ಮೇಲೆ ಬರೋರನ್ನೂ” ಎಂದು ಒಳಗೆ ಹೋದರು. ಇವಳು ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತು, ಎರಡೂ ಅಂಗೈಯಲ್ಲಿ ಮುಖ ಮುಚ್ಚಿಕೊಂಡಳು. ಮತ್ತೆ ಮುಖ ತೆಗೆದಾಗ ನಗುತ್ತಿದ್ದಳು.

“ಮಿಸ್, ಇವತ್ತು ಸ್ಕೂಲಿಂದ ಮಗಳನ್ನ ನಾನೇ ಕರ್ಕೊಂಡು ಬರ್ತೀನಿ. ನಾಳೇನೂ ನಾನೇ.”

“ಕರ್ಕೊಂಡು ಬಾ ಮಗಳೇ” ಎಂದೆ. ನನ್ನ ಕಣ್ಣೂ ಒದ್ದೆಯಾಗಿತ್ತು, ಮುಚ್ಚಿಡುವುದೇನು. ಎಡಗೈಯಲ್ಲಿ ಕಣ್ಣೊರೆಸಿಕೊಂಡು ಚೀಲ ಹೆಗಲಿಗೇರಿಸಿದೆ. ಇಷ್ಟು ಒಳ್ಳೆಯ ದಿನ ಆ ಗೋಡೆಯ ಮುಂದೆ ನಿಂತು ನೋವು ತಿನ್ನುವವರು ಯಾರು? “ನಾನೂ ಬರ್ತೀನಿ ಹಾಗಾದ್ರೆ. ನನ್ನ ಕೈ ನಾಡಿದ್ದು ನೋಡೋಣ” ಎಂದು ಬಾಗಿಲ ಕಡೆ ತಿರುಗಿದೆ.

ಅವಳು ಎದ್ದು ಒಳಗೆ ಬಂದಳು. ನನ್ನ ಹೆಗಲಿನಿಂದ ಚೀಲ ತೆಗೆದು ಕುರ್ಚಿಯ ಮೇಲಿಟ್ಟಳು. ಬಾಯಿ ತೆರೆದಳು, ಮುಚ್ಚಿದಳು. ಮತ್ತೆ ತೆರೆದಾಗ ಇಂಗ್ಲಿಷ್ ಬರಲಿಲ್ಲ.

“ಇಲ್ಲ ಮಿಸ್. ಇವತ್ತೇ. ನೀವು ಕೈ ಎತ್ತಲೇಬೇಕು.”

ಕನ್ನಡದಲ್ಲಿ ಹೇಳಿದಳು. ವಯಸ್ಸಿನಲ್ಲಿ ದೊಡ್ಡವಳಿಗೆ, ಪಾಠ ಹೇಳಿಕೊಟ್ಟವಳಿಗೆ, ಊರಿಗೆಲ್ಲ ಬೆರಳು ತೋರಿಸುವ ಈ ಬಾಯಿಬಡಕಿಗೆ. ಹೇಳಿ, ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಸುಮ್ಮನೆ ನಿಂತಳು. ನಾನು ನೋವು ಅಂದೆ, ಅವಳು ನಿಂತಿದ್ದಳು. ಮನೆಯಲ್ಲಿ ಯಜಮಾನರು ಕಾಯ್ತಿರ್ತಾರೆ ಅಂದೆ, ನಿಂತಿದ್ದಳು. “ಭಾನುವಾರ ಮನೆಗೆ ಬಾ, ನಿನಗೆ ಮಾಡ್ತೀನಿ” ಎಂದು ಗದರಿಸಿದೆ. ಅವಳ ತುಟಿ ಚೂರು ಅಲ್ಲಾಡಿತು, ಕಾಲು ಅಲ್ಲಾಡಲಿಲ್ಲ.

ಮರದ ಪಟ್ಟಿಯ ಮೇಲೆ ಬೆರಳಿಟ್ಟೆ. ಒಂದು ಗೆರೆ ಹತ್ತಿಸಿದೆ. ಭುಜದೊಳಗೆ ಬೆಂಕಿ ಹೊತ್ತಿತು, ಅವಳನ್ನೂ ಡಾಕ್ಟರಮ್ಮನನ್ನೂ ಬಾಯಿಗೆ ಬಂದಂತೆ ಬೈದುಕೊಂಡು ಇನ್ನೊಂದು ಗೆರೆ ಹತ್ತಿಸಿದೆ. ಬೆರಳು ನನ್ನ ಗಲ್ಲ ದಾಟಿತು, ಮೂಗು ದಾಟಿತು, ಹಣೆ ದಾಟಿತು. ಕೊನೆಗೆ ನನ್ನ ಜಡೆಯ ಬುಡ ಎಲ್ಲಿ ಶುರುವಾಗುತ್ತದೋ ಆ ಎತ್ತರಕ್ಕೆ ಹೋಗಿ ನಿಂತಿತು. ಅವಳು ಬೆನ್ನ ಹಿಂದಿನ ಕೈ ಬಿಚ್ಚಿರಲೇ ಇಲ್ಲ.

“ಇನ್ನೂ ಒಂದು, ಮಿಸ್” ಎಂದಳು.

ಹತ್ತಿಸಿದೆ.